ಕಪ್ಪು ಪರದೆಯಲ್ಲಿ ಕಂಪ್ಯೂಟರಿನ ಜಾತಕ: ಓದುವುದು ಹೇಗೆ, ಯಾರಿಗೆ ತೋರಿಸಬಾರದು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಬೆನ್ನಿಗೇ ಶಾಲೆ, ಸಹಕಾರ ಸಂಘ, ಜೆರಾಕ್ಸ್ ಅಂಗಡಿ, ಮನೆ ಎಲ್ಲ ಕಡೆ ಒಂದೇ ಪ್ರಶ್ನೆ ಎದ್ದಿತು: ಇರುವ ಕಂಪ್ಯೂಟರ್ ಇನ್ನೂ ನಡೆಯುತ್ತದೆಯೋ, ಹೊಸದು ಕೊಳ್ಳಲೇಬೇಕೋ? ಇದಕ್ಕೆ ಉತ್ತರ ಬೇಕಾದರೆ ಮೊದಲು ಇರುವ ಕಂಪ್ಯೂಟರಿನ ಒಳಗೆ ಏನಿದೆ ಎಂದು ತಿಳಿಯಬೇಕು. ಹೊರಗಿನ ಸ್ಟಿಕರ್ ನೋಡಿ ಹೇಳಲಾಗದು. ಅಂಗಡಿಯವರ ಮಾತು ಅಂಗಡಿಯವರದು.

ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಕಡೆ, ಕಾವೇರಿ ದಂಡೆಯ ಕಾಡಂಚಿನಲ್ಲಿ ಒಂದು ಶಾಲೆ ಇದೆ ಎಂದುಕೊಳ್ಳಿ. ಅಲ್ಲಿ ಹತ್ತು ಕಂಪ್ಯೂಟರುಗಳು. ಕೆಲವು ಇಲಾಖೆಯಿಂದ ಬಂದವು, ಕೆಲವು ದಾನಿಗಳು ಕೊಟ್ಟವು. ಯಾವುದರ ಬಿಲ್ಲೂ ಸಿಗುತ್ತಿಲ್ಲ. ಇಂಟರ್ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ರಿಪೇರಿಯವರು ಹಲಗೂರಿನಿಂದಲೋ ಮಳವಳ್ಳಿಯಿಂದಲೋ ಬರಬೇಕು. ಹತ್ತೂ ಯಂತ್ರಗಳ ವಿವರವನ್ನು ಒಂದು ಪಟ್ಟಿ ಮಾಡಿ ಕೊಡಿ ಎಂದು ಮುಖ್ಯೋಪಾಧ್ಯಾಯರು ಶಿಕ್ಷಕರೊಬ್ಬರಿಗೆ ಹೇಳಿದ್ದಾರೆ.

ಇದಕ್ಕೆ ಯಾವ ತಂತ್ರಾಂಶವನ್ನೂ ಡೌನ್‌ಲೋಡ್ ಮಾಡಬೇಕಿಲ್ಲ, ಇಂಟರ್ನೆಟ್ಟೂ ಬೇಡ. ಬೇಕಾದ ಸಲಕರಣೆ ಪ್ರತಿ ಕಂಪ್ಯೂಟರಿನಲ್ಲೂ ಮೊದಲೇ ಇದೆ. ಅದು ಇರುವುದು ಸಿನಿಮಾದಲ್ಲಿ ಹ್ಯಾಕರುಗಳು ಬಳಸುವ ಆ ಕಪ್ಪು ಪರದೆಯಲ್ಲಿ. ಅದನ್ನು ಕಂಡರೆ ಬಹಳ ಜನಕ್ಕೆ ಭಯ. ಆ ಭಯವನ್ನೇ ಬಂಡವಾಳ ಮಾಡಿಕೊಂಡು ವಂಚಿಸುವವರೂ ಇದ್ದಾರೆ. ಹಾಗಾಗಿ ಈ ಪರದೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ತಿಳಿದಿರುವುದು ಎರಡು ರೀತಿಯಲ್ಲೂ ಲಾಭ.

ಕಪ್ಪು ಪರದೆ ಎಂದರೆ ಹ್ಯಾಕಿಂಗೇ?

ಅಲ್ಲ. ಮೌಸ್ ಮತ್ತು ಚಿತ್ರಗಳು ಬರುವ ಮೊದಲು ಕಂಪ್ಯೂಟರಿನೊಡನೆ ಮಾತಾಡುತ್ತಿದ್ದದ್ದೇ ಹೀಗೆ: ಒಂದು ಸಾಲು ಆದೇಶ ಟೈಪ್ ಮಾಡುವುದು, ಎಂಟರ್ ಒತ್ತುವುದು, ಉತ್ತರ ಓದುವುದು. ಇದನ್ನೇ ಕಮ್ಯಾಂಡ್ ಲೈನ್ ಎನ್ನುತ್ತಾರೆ. ವಿಂಡೋಸಿನಲ್ಲಿ ಕಮ್ಯಾಂಡ್ ಪ್ರಾಂಪ್ಟ್ ಮತ್ತು ಪವರ್‌ಶೆಲ್, ಲಿನಕ್ಸಿನಲ್ಲಿ ಟರ್ಮಿನಲ್ ಎಂಬ ಹೆಸರಿನಲ್ಲಿ ಅದು ಇಂದಿಗೂ ಉಳಿದಿದೆ. ಕ್ಲಿಕ್ ಮಾಡಿ ಮಾಡುವ ಹಲವು ಕೆಲಸಗಳನ್ನು ಇಲ್ಲಿ ಟೈಪ್ ಮಾಡಿಯೂ ಮಾಡಬಹುದು.

ಹಾಗಾದರೆ ಇದನ್ನು ಯಾಕೆ ಬಳಸಬೇಕು? ಎರಡು ಕಾರಣ. ಒಂದು, ಬಂದ ಉತ್ತರವನ್ನು ನೇರವಾಗಿ ಕಡತಕ್ಕೆ ಬರೆಸಬಹುದು. ಕೈಯಲ್ಲಿ ನಕಲು ಮಾಡಿಕೊಳ್ಳುವ, ಫೋಟೋ ತೆಗೆದುಕೊಳ್ಳುವ ರಗಳೆ ಇಲ್ಲ. ಎರಡು, ಒಂದೇ ಆದೇಶವನ್ನು ಹತ್ತು ಕಡೆ ನಡೆಸಿದರೆ ಹತ್ತೂ ಕಡೆ ಒಂದೇ ಕ್ರಮದಲ್ಲಿ ಉತ್ತರ ಬರುತ್ತದೆ. ಪಟ್ಟಿ ಮಾಡಲು ಇದೇ ಮುಖ್ಯ.

ಹೀಗೆ ಕಿಟಕಿ ತೆರೆಯದೆ, 'ಸರಿ', 'ಮುಂದೆ' ಎಂಬ ಗುಂಡಿಗಳನ್ನು ಒತ್ತಿಸದೆ ಕೆಲಸ ಮುಗಿಸುವುದನ್ನು ಕಂಪ್ಯೂಟರಿನ ಪರಿಭಾಷೆಯಲ್ಲಿ ಸೈಲೆಂಟ್, ಅಂದರೆ ಸದ್ದಿಲ್ಲದ ಕೆಲಸ ಎನ್ನುತ್ತಾರೆ. ಈ ಪದ ಕೇಳಿ ಗಾಬರಿಯಾಗಬೇಕಿಲ್ಲ. ಮಕ್ಕಳು ಪಾಠ ಮಾಡುತ್ತಿರುವಾಗ ಅವರಿಗೆ ತೊಂದರೆಯಾಗದಂತೆ ವಿವರ ಬರೆದುಕೊಂಡು ಹೋದಂತೆ ಅಷ್ಟೇ. ಸದ್ದಿಲ್ಲದೆ ಮಾಡಿದ್ದೆಲ್ಲ ಗುಟ್ಟಾಗಿ ಮಾಡಿದ್ದಲ್ಲ. ಆದರೆ ಗುಟ್ಟಾಗಿ ಮಾಡುವವರಿಗೂ ಇದೇ ದಾರಿ ಅನುಕೂಲ. ಆ ಮಾತು ಮುಂದೆ ಬರುತ್ತದೆ.

ಕಂಪ್ಯೂಟರಿಗೆ ತನ್ನ ಬಗ್ಗೆ ಹೇಗೆ ಗೊತ್ತು?

ಮುತ್ತತ್ತಿಯ ಸ್ಥಳಪುರಾಣ ನಿಮಗೆ ಗೊತ್ತಿರಬಹುದು. ಕಾವೇರಿಯ ಮಡುವಿನಲ್ಲಿ ಬಿದ್ದುಹೋದ ಸೀತೆಯ ಮೂಗುತಿಯ ಮುತ್ತನ್ನು ಹನುಮಂತ ಬಾಲದಿಂದ ಎತ್ತಿಕೊಟ್ಟನಂತೆ. ಅದಕ್ಕೇ ಅಲ್ಲಿನ ಆಂಜನೇಯ ಮುತ್ತೆತ್ತರಾಯ. ಕಂಪ್ಯೂಟರಿನ ವಿವರವೂ ಹೀಗೆಯೇ: ಅದನ್ನು ಹೊಸದಾಗಿ ಸೃಷ್ಟಿಸುವುದಿಲ್ಲ. ಮೊದಲೇ ತಳದಲ್ಲಿ ಬಿದ್ದಿರುವುದನ್ನು ಆದೇಶ ಮೇಲೆತ್ತುತ್ತದೆ, ಅಷ್ಟೇ.

ತಳದಲ್ಲಿ ಇಟ್ಟವರು ಯಾರು? ಬೇರೆ ಬೇರೆಯವರು.

ಪ್ರೊಸೆಸರಿನೊಳಗೆ 'ನೀನು ಯಾರು?' ಎಂದು ಕೇಳಲೆಂದೇ ಒಂದು ಸೂಚನೆ ಇದೆ. ಸಿಪಿಯುಐಡಿ ಎಂದು ಅದರ ಹೆಸರು. 1990ರ ದಶಕದ ಪೆಂಟಿಯಂ ಕಾಲದಿಂದ ಅದು ಬಳಕೆಯಲ್ಲಿದೆ. ಪ್ರೊಸೆಸರ್ ತನ್ನ ತಯಾರಕರ ಹೆಸರು, ಮಾದರಿ, ಸಾಮರ್ಥ್ಯಗಳನ್ನು ತಾನೇ ಹೇಳುತ್ತದೆ. ಹೊರಗಿನ ಸ್ಟಿಕರನ್ನು ಬದಲಾಯಿಸುವುದು ಸುಲಭ, ಈ ಉತ್ತರವನ್ನು ಬದಲಾಯಿಸುವುದು ಅಷ್ಟು ಸುಲಭವಲ್ಲ.

ರ‍್ಯಾಮ್ ಪಟ್ಟಿಯ ಮೇಲೆ ಒಂದು ಪುಟ್ಟ ಚಿಪ್ ಇರುತ್ತದೆ. ಅದರಲ್ಲಿ ಎಷ್ಟು ಜಿಬಿ, ಎಷ್ಟು ವೇಗ ಎಂಬುದನ್ನು ಕಾರ್ಖಾನೆಯಲ್ಲೇ ಬರೆದಿರುತ್ತಾರೆ. ಹಾರ್ಡ್ ಡಿಸ್ಕೂ ಅಷ್ಟೇ, ಕೇಳಿದರೆ ತನ್ನ ಮಾದರಿ, ಕ್ರಮಸಂಖ್ಯೆ, ಗಾತ್ರ ಹೇಳುತ್ತದೆ.

ಕಂಪ್ಯೂಟರ್ ತಯಾರಿಸಿದ ಕಂಪನಿ, ಮಾದರಿಯ ಹೆಸರು, ಮದರ್‌ಬೋರ್ಡಿನ ವಿವರ ಇವೆಲ್ಲ ಬಯಾಸ್ ಎಂಬ ಮೂಲ ತಂತ್ರಾಂಶದೊಳಗೆ ಎಸ್‌ಎಂಬಯಾಸ್ ಎಂಬ ಕೋಷ್ಟಕದಲ್ಲಿ ಇರುತ್ತವೆ. ಅದನ್ನು ತುಂಬುವುದು ಕಾರ್ಖಾನೆಯವರ ಕೆಲಸ. ಅಂಗಡಿಯಲ್ಲಿ ಬಿಡಿಭಾಗ ಜೋಡಿಸಿದ ಕಂಪ್ಯೂಟರುಗಳಲ್ಲಿ ಕೆಲವೊಮ್ಮೆ ಕಂಪನಿಯ ಹೆಸರಿನ ಜಾಗದಲ್ಲಿ 'ಟು ಬಿ ಫಿಲ್ಡ್ ಬೈ ಓಇಎಂ' ಎಂದು ಬರುತ್ತದೆ. ತಯಾರಕರು ತುಂಬಬೇಕಾದ ಜಾಗ ಎಂದು ಅದರ ಅರ್ಥ. ತುಂಬುವವರು ಮರೆತಿದ್ದಾರೆ ಅಥವಾ ತುಂಬುವವರೇ ಇರಲಿಲ್ಲ. ಅದು ವೈರಸ್ಸೂ ಅಲ್ಲ, ದೋಷವೂ ಅಲ್ಲ.

ಇವೆಲ್ಲವನ್ನೂ ಒಂದೆಡೆ ಕೇಳಿ ತಿಳಿಯಲು ವಿಂಡೋಸಿನಲ್ಲಿ ಡಬ್ಲ್ಯುಎಂಐ ಎಂಬ ಸೇವೆ ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ. ನಾವು ಕೊಡುವ ಆದೇಶಗಳಲ್ಲಿ ಹೆಚ್ಚಿನವು ಈ ಸೇವೆಯನ್ನೇ ಕೇಳಿ ಉತ್ತರ ತರುತ್ತವೆ.

ಮೊದಲ ಆದೇಶ

ಕೀಲಿಮಣೆಯಲ್ಲಿ ವಿಂಡೋಸ್ ಕೀಲಿಯ ಜೊತೆ 'ಆರ್' ಒತ್ತಿ. ಬಂದ ಚೌಕದಲ್ಲಿ ಸಿ-ಎಂ-ಡಿ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಕಪ್ಪು ಪರದೆ ತೆರೆಯುತ್ತದೆ. ಇಲ್ಲಿ ಆದೇಶಗಳನ್ನು ಕನ್ನಡದಲ್ಲಿ ಬರೆದಿದೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

'ಸಿಸ್ಟಮ್‌ಇನ್ಫೋ' ಎಂದು ನಡುವೆ ಜಾಗ ಬಿಡದೆ (ಎಸ್-ವೈ-ಎಸ್-ಟಿ-ಇ-ಎಂ-ಐ-ಎನ್-ಎಫ್-ಓ) ಟೈಪ್ ಮಾಡಿ ಎಂಟರ್ ಒತ್ತಿ. ಕೆಲವು ಕ್ಷಣ ಕಾಯಿರಿ. ಕಂಪ್ಯೂಟರಿನ ಹೆಸರು, ವಿಂಡೋಸಿನ ಆವೃತ್ತಿ, ನೋಂದಾಯಿತ ಮಾಲೀಕರ ಹೆಸರು, ತಯಾರಕರು, ಮಾದರಿ, ಪ್ರೊಸೆಸರ್, ಬಯಾಸ್ ಆವೃತ್ತಿ, ಒಟ್ಟು ರ‍್ಯಾಮ್, ಅಳವಡಿಸಿದ ಅಪ್‌ಡೇಟುಗಳು, ನೆಟ್‌ವರ್ಕ್ ಕಾರ್ಡ್ ಎಲ್ಲವೂ ಸಾಲಾಗಿ ಬರುತ್ತವೆ.

ಇದನ್ನು ಕಡತಕ್ಕೆ ಬರೆಸಬೇಕೇ? ಆದೇಶದ ಮುಂದೆ '>' ಚಿಹ್ನೆ ಹಾಕಿ ಕಡತದ ಹೆಸರು ಕೊಡಿ. ಉದಾಹರಣೆಗೆ 'ಸಿಸ್ಟಮ್‌ಇನ್ಫೋ > ವರದಿ.ಟಿಎಕ್ಸ್‌ಟಿ'. ಆಗ ಉತ್ತರ ಪರದೆಗೆ ಬರುವ ಬದಲು ಆ ಕಡತಕ್ಕೆ ಹೋಗುತ್ತದೆ. ನೀರಿನ ಕಾಲುವೆಯ ತೂಬು ತಿರುಗಿಸಿದ ಹಾಗೆ. ಪರದೆಯಲ್ಲಿ 'ಲೋಡಿಂಗ್' ಎಂಬ ಸಾಲು ಮಿನುಗಬಹುದು, ಅದು ಕಡತಕ್ಕೆ ಸೇರುವುದಿಲ್ಲ.

ಇಲ್ಲಿ ಒಂದು ಎಚ್ಚರ. '>' ಒಂದೇ ಇದ್ದರೆ ಅದೇ ಹೆಸರಿನ ಹಳೆಯ ಕಡತ ಅಳಿಸಿಹೋಗಿ ಹೊಸದು ಬರೆಯಲ್ಪಡುತ್ತದೆ. '>>' ಎಂದು ಎರಡು ಹಾಕಿದರೆ ಹಳೆಯದರ ಕೆಳಗೆ ಹೊಸದು ಸೇರಿಕೊಳ್ಳುತ್ತದೆ. ನಮ್ಮ ಪಟ್ಟಿಗೆ ಬೇಕಾಗಿರುವುದು ಎರಡನೆಯದು.

ಹತ್ತು ಕಂಪ್ಯೂಟರ್, ಒಂದೇ ಪಟ್ಟಿ

ಸಿಸ್ಟಮ್‌ಇನ್ಫೋ ತನ್ನ ಉತ್ತರವನ್ನು ಸಿಎಸ್‌ವಿ ರೂಪದಲ್ಲೂ ಕೊಡುತ್ತದೆ. ಎಕ್ಸೆಲ್ಲಿನಲ್ಲಾಗಲಿ ಲಿಬ್ರೆಆಫೀಸಿನಲ್ಲಾಗಲಿ ತೆರೆದರೆ ಇಡೀ ಕಂಪ್ಯೂಟರಿನ ವಿವರ ಒಂದೇ ಅಡ್ಡಸಾಲಿನಲ್ಲಿ ಕೂರುತ್ತದೆ. ಹಾಗೆ ಮಾಡುವ ಆದೇಶ: 'ಸಿಸ್ಟಮ್‌ಇನ್ಫೋ /ಎಫ್‌ಓ ಸಿಎಸ್‌ವಿ >> ಪಟ್ಟಿ.ಸಿಎಸ್‌ವಿ'. ಮೊದಲನೆಯ ಕಂಪ್ಯೂಟರಿನಲ್ಲಿ ಇದನ್ನು ನಡೆಸಿದರೆ ಮೇಲೆ ಶೀರ್ಷಿಕೆಯ ಸಾಲು, ಕೆಳಗೆ ವಿವರದ ಸಾಲು ಬರುತ್ತದೆ. ಉಳಿದ ಒಂಬತ್ತರಲ್ಲಿ ಸಿಎಸ್‌ವಿ ಎಂಬುದರ ಮುಂದೆ '/ಎನ್‌ಎಚ್' ಎಂದು ಸೇರಿಸಿದರೆ ಶೀರ್ಷಿಕೆ ಬಿಟ್ಟು ವಿವರ ಮಾತ್ರ ಸೇರುತ್ತದೆ.

ಪ್ರತಿ ಸಲ ಟೈಪ್ ಮಾಡುವ ಬದಲು ನೋಟ್‌ಪ್ಯಾಡಿನಲ್ಲಿ ಈ ಒಂದು ಸಾಲನ್ನು ಬರೆದು, ಹೆಸರಿನ ಕೊನೆಗೆ '.ಬಿಎಟಿ' ಎಂದು ಕೊಟ್ಟು ಪೆನ್‌ಡ್ರೈವಿನಲ್ಲಿ ಉಳಿಸಿ. ಉಳಿಸುವಾಗ ಕಡತದ ಬಗೆ 'ಆಲ್ ಫೈಲ್ಸ್' ಎಂದು ಇರಲಿ, ಇಲ್ಲದಿದ್ದರೆ ನೋಟ್‌ಪ್ಯಾಡ್ ತಾನೇ ಕೊನೆಗೆ '.ಟಿಎಕ್ಸ್‌ಟಿ' ಅಂಟಿಸಿಬಿಡುತ್ತದೆ. ಆಮೇಲೆ ಪ್ರತಿ ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಸಾಕು. ಪಟ್ಟಿ ಪೆನ್‌ಡ್ರೈವಿನಲ್ಲೇ ಸಾಲು ಸಾಲಾಗಿ ಬೆಳೆಯುತ್ತದೆ. 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಎಂದು ನಡೆಸಬೇಡಿ. ಹಾಗೆ ನಡೆಸಿದರೆ ಕಡತ ಪೆನ್‌ಡ್ರೈವಿಗೆ ಬರದೆ ವಿಂಡೋಸಿನ ಒಳಗಿನ ಫೋಲ್ಡರಿಗೆ ಹೋಗಿಬಿಡುತ್ತದೆ.

ಇನ್ನೆರಡು ಮಾತು. ಒಂದೇ ಪೆನ್‌ಡ್ರೈವ್ ಹತ್ತು ಕಡೆ ಓಡಾಡುವಾಗ ಒಂದರ ವೈರಸ್ ಉಳಿದ ಒಂಬತ್ತಕ್ಕೂ ಅಂಟಬಹುದು. ಖಾಲಿ ಮಾಡಿದ ಪೆನ್‌ಡ್ರೈವ್ ಬಳಸಿ, ಬಳಸಿದ ಮೇಲೆ ಆ್ಯಂಟಿವೈರಸ್‌ನಿಂದ ತಪಾಸಣೆ ಮಾಡಿ. ಹಾಗೆಯೇ ಒಂದೇ ದಿನ ಅಳವಡಿಸಿದ ಯಂತ್ರಗಳಿಗೆ ಕೆಲವೊಮ್ಮೆ ಒಂದೇ ಹೆಸರು ಇರುತ್ತದೆ. ಯಾವ ಸಾಲು ಯಾವ ಯಂತ್ರದ್ದು ಎಂದು ಗೊಂದಲವಾಗದಂತೆ, ನಡೆಸಿದ ಕ್ರಮದಲ್ಲೇ ಯಂತ್ರಗಳ ಮೇಲೆ ಚೀಟಿ ಅಂಟಿಸಿ ಸಂಖ್ಯೆ ಬರೆಯಿರಿ.

ಇನ್ನೂ ಆಳದ ವಿವರ ಬೇಕಾದರೆ

ಸಿಸ್ಟಮ್‌ಇನ್ಫೋ ಎಲ್ಲವನ್ನೂ ಹೇಳುವುದಿಲ್ಲ. ಡಿಸ್ಕ್ ಎಷ್ಟು ದೊಡ್ಡದು ಎಂದು ಹೇಳುವುದಿಲ್ಲ. ಪ್ರೊಸೆಸರಿನ ವಿಷಯದಲ್ಲಿ 'ಫ್ಯಾಮಿಲಿ 6, ಮಾಡೆಲ್ 142' ಎಂಬಂತೆ ಸಂಖ್ಯೆಗಳನ್ನು ಕೊಡುತ್ತದೆಯೇ ಹೊರತು ನಮಗೆ ಗೊತ್ತಿರುವ ಮಾರುಕಟ್ಟೆ ಹೆಸರನ್ನಲ್ಲ.

ಅದಕ್ಕೆ 'ಎಂಎಸ್‌ಇನ್ಫೋ32' ಇದೆ. ಸುಮ್ಮನೆ ಟೈಪ್ ಮಾಡಿದರೆ ಅದು ಸಿಸ್ಟಮ್ ಇನ್ಫರ್ಮೇಷನ್ ಎಂಬ ದೊಡ್ಡ ಕಿಟಕಿ ತೆರೆಯುತ್ತದೆ. ಮುಂದೆ '/ರಿಪೋರ್ಟ್' ಎಂದು ಸೇರಿಸಿ ಕಡತದ ಹೆಸರು ಕೊಟ್ಟರೆ ಆ ಕಿಟಕಿ ತೆರೆಯದೆ ಇಡೀ ವರದಿಯನ್ನು ಪಠ್ಯವಾಗಿ ಬರೆಯುತ್ತದೆ. ಪ್ರೊಸೆಸರಿನ ಪೂರ್ಣ ಹೆಸರು, ಡಿಸ್ಕಿನ ಗಾತ್ರ, ಬಯಾಸ್ ಹಳೆಯ ಬಗೆಯದೋ ಯುಇಎಫ್‌ಐ ಬಗೆಯದೋ, ಸೆಕ್ಯೂರ್ ಬೂಟ್ ಚಾಲೂ ಇದೆಯೋ ಇಲ್ಲವೋ ಎಲ್ಲ ಅದರಲ್ಲಿರುತ್ತದೆ. ಇದಕ್ಕೆ ಸ್ವಲ್ಪ ಸಮಯ ಹಿಡಿಯುತ್ತದೆ. ಆದೇಶ ಕೊಟ್ಟ ಕೂಡಲೇ ಪರದೆ ಮುಂದಿನ ಆದೇಶಕ್ಕೆ ಸಿದ್ಧವಾದಂತೆ ಕಾಣುತ್ತದೆ, ಆದರೆ ವರದಿ ಹಿಂದೆ ಇನ್ನೂ ಬರೆಯಲ್ಪಡುತ್ತಿರುತ್ತದೆ. ಅವಸರಪಟ್ಟು ಪೆನ್‌ಡ್ರೈವ್ ಕಿತ್ತರೆ ಅರ್ಧ ವರದಿ ಮಾತ್ರ ಸಿಗುತ್ತದೆ. ಆದೇಶದ ಮೊದಲಿಗೆ 'ಸ್ಟಾರ್ಟ್ /ವೇಟ್' ಎಂದು ಸೇರಿಸಿದರೆ ಕೆಲಸ ಮುಗಿಯುವವರೆಗೆ ಪರದೆ ಕಾಯುತ್ತದೆ.

ಗ್ರಾಫಿಕ್ಸ್ ಮತ್ತು ಧ್ವನಿಯ ವಿವರಕ್ಕೆ 'ಡಿಎಕ್ಸ್‌ಡಯಾಗ್ /ಟಿ' ಎಂದು ಬರೆದು ಕಡತದ ಹೆಸರು ಕೊಡಬಹುದು. ಭದ್ರತಾ ಚಿಪ್ ಆದ ಟಿಪಿಎಂ ಇದೆಯೇ, ಯಾವ ಆವೃತ್ತಿ ಎಂದು ತಿಳಿಯಲು 'ಟಿಪಿಎಂಟೂಲ್ ಗೆಟ್‌ಡಿವೈಸ್‌ಇನ್ಫರ್ಮೇಷನ್' ಇದೆ. ಪವರ್‌ಶೆಲ್ ಬಳಸುವವರಿಗೆ 'ಗೆಟ್-ಕಂಪ್ಯೂಟರ್‌ಇನ್ಫೋ' ಒಂದೇ ಆದೇಶದಲ್ಲಿ ಬಹಳಷ್ಟು ಹೇಳುತ್ತದೆ. ಹಳೆಯ ಲೇಖನಗಳಲ್ಲಿ ಕಾಣುವ 'ಡಬ್ಲ್ಯುಎಂಐಸಿ' ಎಂಬ ಆದೇಶವನ್ನು ಮೈಕ್ರೋಸಾಫ್ಟ್ ಕೈಬಿಡುತ್ತಿದೆ. ಹೊಸ ವಿಂಡೋಸಿನಲ್ಲಿ ಅದು ಸಿಗದಿದ್ದರೆ ನಿಮ್ಮ ಕಂಪ್ಯೂಟರ್ ಕೆಟ್ಟಿದೆ ಎಂದಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಪರಿಚಯದವರಿಂದಲೋ ಬಳಸಿದ ಲ್ಯಾಪ್‌ಟಾಪ್ ಕೊಳ್ಳುವವರು ಇನ್ನೊಂದು ಆದೇಶವನ್ನು ನೆನಪಿಟ್ಟುಕೊಳ್ಳಬೇಕು: 'ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್'. ಇದು ಬ್ರೌಸರಿನಲ್ಲಿ ತೆರೆಯಬಹುದಾದ ಒಂದು ವರದಿ ಬರೆಯುತ್ತದೆ. ಅದರಲ್ಲಿ ಬ್ಯಾಟರಿಯ ವಿನ್ಯಾಸದ ಸಾಮರ್ಥ್ಯ ಎಷ್ಟು, ಈಗ ಪೂರ್ತಿ ಚಾರ್ಜ್ ಮಾಡಿದರೆ ಎಷ್ಟು ಹಿಡಿಯುತ್ತದೆ ಎಂಬ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು 48,000 ಇದ್ದು ಎರಡನೆಯದು 24,000 ಇದ್ದರೆ ಬ್ಯಾಟರಿ ಅರ್ಧ ಸವೆದಿದೆ ಎಂದು ಲೆಕ್ಕ. 'ಬ್ಯಾಟರಿ ಹೊಸದರಂತಿದೆ' ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಹಣ ಕೊಡುವ ಮೊದಲೇ ಅಂಗಡಿಯವರನ್ನು ಕೇಳಿ ಅಲ್ಲೇ ನಡೆಸಿ ನೋಡಿ.

ಲಿನಕ್ಸ್ ಇರುವ ಕಡೆ 'ಎಲ್‌ಎಸ್‌ಸಿಪಿಯು' ಪ್ರೊಸೆಸರ್ ವಿವರವನ್ನೂ, 'ಫ್ರೀ -ಎಚ್' ರ‍್ಯಾಮ್ ಲೆಕ್ಕವನ್ನೂ, 'ಎಲ್‌ಎಸ್‌ಬಿಎಲ್‌ಕೆ' ಡಿಸ್ಕುಗಳ ಪಟ್ಟಿಯನ್ನೂ ಕೊಡುತ್ತವೆ. '>' ಮತ್ತು '>>' ಅಲ್ಲಿಯೂ ಇದೇ ರೀತಿ ಕೆಲಸ ಮಾಡುತ್ತವೆ.

ವರದಿ ಓದುವಾಗ ಎಡವುವ ಜಾಗಗಳು

ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ, ಆದರೆ ನಾವು ಕೇಳಿದ್ದೇ ಬೇರೆ ಅದು ಹೇಳಿದ್ದೇ ಬೇರೆ ಆಗಬಹುದು.

'ಒರಿಜಿನಲ್ ಇನ್‌ಸ್ಟಾಲ್ ಡೇಟ್' ಎಂಬ ದಿನಾಂಕ ನೋಡಿ ಕಂಪ್ಯೂಟರಿನ ವಯಸ್ಸು ಲೆಕ್ಕ ಹಾಕುವವರಿದ್ದಾರೆ. ಅದು ವಿಂಡೋಸ್ ಅಳವಡಿಸಿದ ದಿನ, ಕಂಪ್ಯೂಟರ್ ತಯಾರಾದ ದಿನವಲ್ಲ. ವಿಂಡೋಸಿನ ದೊಡ್ಡ ಅಪ್‌ಡೇಟ್ ಬಂದಾಗಲೂ ಈ ದಿನಾಂಕ ಬದಲಾಗುತ್ತದೆ. ಎಂಟು ವರ್ಷದ ಹಳೆಯ ಯಂತ್ರ ಹೋದ ವರ್ಷದ್ದೆಂದು ತೋರಬಹುದು. ವಯಸ್ಸಿನ ಅಂದಾಜಿಗೆ ಪ್ರೊಸೆಸರಿನ ಮಾದರಿ ಮತ್ತು ಬಯಾಸಿನ ದಿನಾಂಕ ಹೆಚ್ಚು ಉಪಯುಕ್ತ.

'ಸಿಸ್ಟಮ್ ಬೂಟ್ ಟೈಮ್' ಮೂರು ದಿನದ ಹಿಂದಿನದು ತೋರಿಸಿದರೆ ರಾತ್ರಿ ಯಾರೋ ಕಂಪ್ಯೂಟರ್ ಬಳಸಿದ್ದಾರೆ ಎಂದು ಅನುಮಾನ ಪಡಬೇಡಿ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಚಾಲೂ ಇದ್ದರೆ, ಶಟ್‌ಡೌನ್ ಮಾಡಿದಾಗ ಅದು ವ್ಯವಸ್ಥೆಯ ತಿರುಳನ್ನು ಡಿಸ್ಕಿನಲ್ಲಿ ಉಳಿಸಿಟ್ಟು ಮರುದಿನ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಈ ಲೆಕ್ಕ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಮಾಡಿದಾಗ.

ರ‍್ಯಾಮ್ 4 ಜಿಬಿ ಎಂದು ಹೇಳಿ ಕೊಟ್ಟರೂ ವರದಿಯಲ್ಲಿ ಸ್ವಲ್ಪ ಕಡಿಮೆ ಬರುತ್ತದೆ. ಪರದೆಯ ಚಿತ್ರಕ್ಕೆಂದು ಒಂದಿಷ್ಟನ್ನು ಯಂತ್ರವೇ ಎತ್ತಿಟ್ಟುಕೊಳ್ಳುವುದರಿಂದ ಹೀಗಾಗುತ್ತದೆ. ಅದು ಮೋಸವಲ್ಲ. ಆದರೆ 8 ಜಿಬಿ ಎಂದು ಹಣ ಪಡೆದು ವರದಿಯಲ್ಲಿ 4ರ ಆಸುಪಾಸು ಬಂದರೆ ಕೇಳಲೇಬೇಕು.

'ಪ್ರಾಡಕ್ಟ್ ಐಡಿ' ಎಂಬುದು ವಿಂಡೋಸಿನ ಪರವಾನಗಿ ಕೀಲಿಯಲ್ಲ. ಅದು ಗುರುತಿನ ಸಂಖ್ಯೆ ಮಾತ್ರ. ಅದನ್ನು ಬರೆದಿಟ್ಟುಕೊಂಡರೆ ಮುಂದೆ ವಿಂಡೋಸ್ ಮತ್ತೆ ಅಳವಡಿಸಲು ಬರುವುದಿಲ್ಲ.

ಪಟ್ಟಿ ಆಯಿತು, ಮುಂದೇನು?

ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಅಗತ್ಯಗಳು ಹೀಗಿವೆ: ಅದರ ಪಟ್ಟಿಯಲ್ಲಿರುವ 64 ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಯುಇಎಫ್‌ಐ ಮತ್ತು ಸೆಕ್ಯೂರ್ ಬೂಟ್ ಸೌಲಭ್ಯ, ಟಿಪಿಎಂ 2.0. ಹೆಚ್ಚಿನ ಹಳೆಯ ಯಂತ್ರಗಳು ಸೋಲುವುದು ಪ್ರೊಸೆಸರ್ ಮತ್ತು ಟಿಪಿಎಂ ವಿಷಯದಲ್ಲಿ. ಇಂಟೆಲ್ ಆದರೆ ಸ್ಥೂಲವಾಗಿ 8ನೆಯ ಪೀಳಿಗೆ ಮತ್ತು ಅದರ ನಂತರದವು ಪಟ್ಟಿಯಲ್ಲಿವೆ. 'ಐ5' ಎಂಬ ಸ್ಟಿಕರ್ ಮಾತ್ರ ನೋಡಿದರೆ ಇದು ತಿಳಿಯುವುದಿಲ್ಲ, ಏಕೆಂದರೆ 3ನೆಯ ಪೀಳಿಗೆಯದೂ ಐ5, 12ನೆಯ ಪೀಳಿಗೆಯದೂ ಐ5. ವರದಿಯಲ್ಲಿ ಐ5ರ ಮುಂದೆ ಬರುವ ಸಂಖ್ಯೆ ನೋಡಿ. 3470 ಎಂದಿದ್ದರೆ 3ನೆಯದು, 8250 ಎಂದಿದ್ದರೆ 8ನೆಯದು.

ಟಿಪಿಎಂ ಇಲ್ಲ ಎಂದು ಬಂದರೂ ಕೂಡಲೇ ಕೈಬಿಡಬೇಡಿ. ಚಿಪ್ ಇದ್ದು ಬಯಾಸಿನಲ್ಲಿ ಆಫ್ ಆಗಿರುವುದು ಸಾಮಾನ್ಯ. ತಿಳಿದವರಿಂದ ಅದನ್ನು ಆನ್ ಮಾಡಿಸಿ ಮತ್ತೆ ಪರೀಕ್ಷಿಸಿ.

ಹೀಗೆ ಹತ್ತು ಸಾಲುಗಳನ್ನು ಮೂರು ಗುಂಪು ಮಾಡಬಹುದು. ವಿಂಡೋಸ್ 11 ನಡೆಯುವವು. ರ‍್ಯಾಮ್ ಹೆಚ್ಚಿಸಿ ಅಥವಾ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿ ಉಳಿಸಿಕೊಳ್ಳಬಹುದಾದವು. ವಿಂಡೋಸ್ 11 ನಡೆಯದವು. ಮೂರನೆಯ ಗುಂಪೂ ಗುಜರಿಗೆ ಹೋಗಬೇಕೆಂದಿಲ್ಲ. ಅವುಗಳಿಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಬಹುದು. ಕಾಸರಗೋಡಿನ ಕನ್ನಡ ಶಾಲೆಗಳೂ ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುತ್ತಿರುವುದು ಉಬುಂಟು ಆಧರಿಸಿದ ಲಿನಕ್ಸಿನಲ್ಲೇ. ಟೈಪಿಂಗ್, ಲೆಕ್ಕದ ಹಾಳೆ, ಚಿತ್ರ ಬರೆಯುವುದು, ಬ್ರೌಸರ್ ಇಷ್ಟಕ್ಕೆ ಹಳೆಯ ಯಂತ್ರ ಇನ್ನೂ ಕೆಲವು ವರ್ಷ ನಡೆಯುತ್ತದೆ. ಹತ್ತೂ ಕಂಪ್ಯೂಟರ್ ಹೊಸದು ಬೇಕು ಎಂಬ ಅರ್ಜಿಗಿಂತ, ಇಂಥ ನಾಲ್ಕಕ್ಕೆ ರ‍್ಯಾಮ್ ಬೇಕು, ಇಂಥ ಎರಡು ಮಾತ್ರ ಬದಲಾಗಬೇಕು ಎಂಬ ಅರ್ಜಿಗೆ ತೂಕ ಜಾಸ್ತಿ.

ಇದೇ ಆದೇಶ ಕಳ್ಳರ ಕೈಯಲ್ಲಿ

ಮನೆಗೆ ನುಗ್ಗುವ ಮೊದಲು ಕಳ್ಳ ಬೀಗ ಯಾವುದು, ನಾಯಿ ಇದೆಯೇ ಎಂದು ನೋಡಿಕೊಂಡು ಹೋಗುತ್ತಾನೆ. ಕಂಪ್ಯೂಟರಿಗೆ ನುಗ್ಗುವ ಕುತಂತ್ರಾಂಶಗಳೂ ಮೊದಲು ಮಾಡುವುದು ಇದನ್ನೇ: ಯಾವ ವಿಂಡೋಸ್, ಯಾವ ಅಪ್‌ಡೇಟ್ ಬಾಕಿ ಇದೆ, ಅಕ್ಕಪಕ್ಕ ಯಾವ ಕಂಪ್ಯೂಟರುಗಳಿವೆ ಎಂದು ಸದ್ದಿಲ್ಲದೆ ಪಟ್ಟಿ ಮಾಡುವುದು. ಅದಕ್ಕೆ ಅವು ಹಲವು ಸಲ ಹೊಸ ಸಲಕರಣೆ ತರುವುದಿಲ್ಲ. ನಾವು ಮೇಲೆ ನೋಡಿದಂಥ, ವಿಂಡೋಸಿನಲ್ಲೇ ಇರುವ ಆದೇಶಗಳನ್ನೇ ಬಳಸುತ್ತವೆ. ಮನೆಯವರದೇ ಏಣಿ ಬಳಸಿದ ಹಾಗೆ.

ನಮ್ಮ ನೆರೆಯಲ್ಲೇ ಇದಕ್ಕೊಂದು ಉದಾಹರಣೆ ಇದೆ. ನಮ್ಮ ಕೈಗಾ ಸ್ಥಾವರವನ್ನೂ ನಡೆಸುವ ಭಾರತೀಯ ಅಣುವಿದ್ಯುತ್ ನಿಗಮ, ತನ್ನ ವ್ಯವಸ್ಥೆಯಲ್ಲಿ ಕುತಂತ್ರಾಂಶ ಪತ್ತೆಯಾಗಿದ್ದು ನಿಜ ಎಂದು 2019ರ ಅಕ್ಟೋಬರ್ 30ರಂದು ಒಪ್ಪಿಕೊಂಡಿತು. ಅದು ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ಸುದ್ದಿ. ಸೋಂಕು ತಗುಲಿದ್ದು ಆಡಳಿತದ ಕೆಲಸಕ್ಕೆ ಬಳಸುವ, ಇಂಟರ್ನೆಟ್ ಸಂಪರ್ಕವಿದ್ದ ಜಾಲದ ಕಂಪ್ಯೂಟರಿಗೆ, ಸ್ಥಾವರ ನಡೆಸುವ ವ್ಯವಸ್ಥೆಗೆ ಅಲ್ಲ ಎಂದು ನಿಗಮ ಹೇಳಿತು. ಭದ್ರತಾ ತಜ್ಞರು ಅದನ್ನು ಡಿಟ್ರ್ಯಾಕ್ ಎಂಬ ಕುತಂತ್ರಾಂಶವೆಂದು ಗುರುತಿಸಿದರು. ಡಿಟ್ರ್ಯಾಕಿನ ಕೆಲಸವೇ ವಿವರ ಸಂಗ್ರಹ: ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ, ನೆಟ್‌ವರ್ಕ್ ವಿಳಾಸಗಳು, ಡಿಸ್ಕಿನಲ್ಲಿರುವ ಕಡತಗಳ ಪಟ್ಟಿ, ಬ್ರೌಸರ್ ಇತಿಹಾಸ.

ಹಾಗೆಂದು ಕಪ್ಪು ಕಿಟಕಿ ಒಂದು ಕ್ಷಣ ಮಿಂಚಿ ಮರೆಯಾದ ಕೂಡಲೇ ಹ್ಯಾಕ್ ಆಯಿತು ಎಂದುಕೊಳ್ಳಬೇಡಿ. ಅಪ್‌ಡೇಟ್ ಮಾಡುವ ಸಾಮಾನ್ಯ ತಂತ್ರಾಂಶಗಳೂ ಹಾಗೆ ಕಿಟಕಿ ತೆರೆದು ಮುಚ್ಚುವುದುಂಟು. ಪದೇ ಪದೇ ಆದರೆ, ಅಥವಾ ಅಪರಿಚಿತ ಕಡತ ತೆರೆದ ಬೆನ್ನಿಗೇ ಆದರೆ, ಇಂಟರ್ನೆಟ್ ತಪ್ಪಿಸಿ ಆ್ಯಂಟಿವೈರಸ್ ತಪಾಸಣೆ ಮಾಡಿಸಿ.

ಫೋನಿನಲ್ಲಿ ಬರುವ 'ಕಂಪ್ಯೂಟರ್ ಡಾಕ್ಟರ್'

ನಮ್ಮಂಥವರಿಗೆ ಕುತಂತ್ರಾಂಶಕ್ಕಿಂತ ಹತ್ತಿರದ ಅಪಾಯ ಫೋನಿನಲ್ಲಿ ಬರುತ್ತದೆ. 'ನಾವು ಮೈಕ್ರೋಸಾಫ್ಟಿನವರು, ನಿಮ್ಮ ಕಂಪ್ಯೂಟರಿನಿಂದ ವೈರಸ್ ಹರಡುತ್ತಿದೆ' ಎನ್ನುತ್ತಾರೆ. ನಂಬದಿದ್ದರೆ ಪುರಾವೆ ಕೊಡುತ್ತೇವೆ ಎಂದು ಕಪ್ಪು ಪರದೆ ತೆರೆಸುತ್ತಾರೆ. ಮುಂದಿನ ಆಟ ಜಗತ್ತಿನೆಲ್ಲೆಡೆ ಒಂದೇ.

'ಎ-ಎಸ್-ಎಸ್-ಓ-ಸಿ ಎಂದು ಟೈಪ್ ಮಾಡಿ' ಎನ್ನುತ್ತಾರೆ. ಉದ್ದ ಪಟ್ಟಿ ಓಡಿ ಕೊನೆಯಲ್ಲಿ 888ಡಿಸಿಎ60 ಎಂದು ಶುರುವಾಗುವ ಒಂದು ದೊಡ್ಡ ಸಂಖ್ಯೆ ನಿಲ್ಲುತ್ತದೆ. 'ಇದು ನಿಮ್ಮ ಕಂಪ್ಯೂಟರಿಗೆ ಮಾತ್ರ ಇರುವ ಪರವಾನಗಿ ಸಂಖ್ಯೆ, ನಮ್ಮ ಹತ್ತಿರ ಇದೆ, ಓದುತ್ತೇವೆ ನೋಡಿ' ಎಂದು ಅಕ್ಷರ ತಪ್ಪದೆ ಓದಿ ಹೇಳುತ್ತಾರೆ. ಕೇಳಿದವರು ಬೆರಗಾಗುತ್ತಾರೆ. ನಿಜ ಏನೆಂದರೆ ಆ ಸಂಖ್ಯೆ ಎಲ್ಲ ವಿಂಡೋಸ್ ಕಂಪ್ಯೂಟರುಗಳಲ್ಲೂ ಒಂದೇ. ಕಡತಗಳನ್ನು ಜಿಪ್ ಮಾಡುವ ಸೌಲಭ್ಯಕ್ಕೆ ವಿಂಡೋಸ್ ಇಟ್ಟ ಗುರುತು ಅದು. ಪಕ್ಕದ ಮನೆಯ ಕಂಪ್ಯೂಟರಿನಲ್ಲೂ ನೋಡಿ, ಅದೇ ಇರುತ್ತದೆ.

'ನೆಟ್‌ಸ್ಟ್ಯಾಟ್' ಟೈಪ್ ಮಾಡಿಸಿ 'ಫಾರಿನ್ ಅಡ್ರೆಸ್' ಎಂಬ ಕಂಬಸಾಲು ತೋರಿಸಿ ವಿದೇಶಿ ಹ್ಯಾಕರುಗಳು ಒಳಗಿದ್ದಾರೆ ಎನ್ನುತ್ತಾರೆ. ಅಲ್ಲಿ ಫಾರಿನ್ ಎಂದರೆ ವಿದೇಶ ಅಲ್ಲ, ಆಚೆ ತುದಿ ಎಂದು ಅರ್ಥ. ನೀವು ತೆರೆದ ವೆಬ್‌ಸೈಟಿನ ವಿಳಾಸವೂ ಅಲ್ಲೇ ಬರುತ್ತದೆ. 'ಟ್ರೀ' ಎಂದು ಟೈಪ್ ಮಾಡಿಸಿ ಸರಸರನೆ ಓಡುವ ಸಾಲುಗಳನ್ನು ವೈರಸ್ ತಪಾಸಣೆ ಎನ್ನುತ್ತಾರೆ. ಅದು ಫೋಲ್ಡರುಗಳ ಹೆಸರಿನ ಪಟ್ಟಿ ಮಾತ್ರ.

ಈ ಆದೇಶಗಳಿಂದ ಹಾನಿಯಿಲ್ಲ. ಹಾನಿ ಆಗುವುದು ಅದರ ನಂತರ, ನಿಮ್ಮ ಪರದೆಯನ್ನು ದೂರದಿಂದ ನಿಯಂತ್ರಿಸುವ ಆ್ಯಪ್ ಹಾಕಿಸಿಕೊಂಡಾಗ ಮತ್ತು ಹಣ ಕೇಳಿದಾಗ. ಮೈಕ್ರೋಸಾಫ್ಟ್ ತಾನಾಗಿ ಯಾರಿಗೂ ಫೋನ್ ಮಾಡಿ ಕಂಪ್ಯೂಟರ್ ಸರಿಪಡಿಸುವುದಿಲ್ಲ. ಇಂಥ ಕರೆ ಬಂದರೆ ಇಟ್ಟುಬಿಡಿ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ನಿಮ್ಮ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ದೂರು ಕೊಡಿ. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ವರದಿಯನ್ನು ಯಾರಿಗೆ ಕೊಡಬಹುದು?

ಸಹಾಯ ಕೇಳಲು ಇಡೀ ವರದಿಯನ್ನು ವಾಟ್ಸಾಪ್ ಗುಂಪಿಗೆ ಹಾಕುವ ಅಭ್ಯಾಸ ಹಲವರಿಗಿದೆ. ಅದರಲ್ಲಿ ಮಾಲೀಕರ ಹೆಸರು, ಕಂಪ್ಯೂಟರಿನ ಹೆಸರು, ಐಪಿ ವಿಳಾಸ ಇರುತ್ತವೆ. ಎಂಎಸ್‌ಇನ್ಫೋ32 ವರದಿಯಲ್ಲಿ ಯಾವ ಪ್ರೋಗ್ರಾಮುಗಳು ಓಡುತ್ತಿವೆ ಎಂಬುದೂ ಇರುತ್ತದೆ. ರಿಪೇರಿಗೆ ಬೇಕಾದದ್ದು ಮಾದರಿ, ಪ್ರೊಸೆಸರ್, ರ‍್ಯಾಮ್, ಡಿಸ್ಕ್, ವಿಂಡೋಸ್ ಆವೃತ್ತಿ ಇಷ್ಟೇ. ಅಷ್ಟು ಸಾಲುಗಳನ್ನು ಮಾತ್ರ ಕತ್ತರಿಸಿ ಕಳುಹಿಸಿ, ಉಳಿದದ್ದು ನಿಮ್ಮ ಬಳಿಯೇ ಇರಲಿ.

ಇನ್ನೊಬ್ಬರ ಕಂಪ್ಯೂಟರಿನಲ್ಲಿ ಅವರಿಗೆ ಹೇಳದೆ ಇದನ್ನು ನಡೆಸುವುದು ತಮಾಷೆಯಲ್ಲ. ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರಿನಿಂದ ಮಾಹಿತಿ ನಕಲು ಮಾಡಿಕೊಳ್ಳುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೆಯ ಕಲಮಿನಡಿ ಬರುತ್ತದೆ. ಅದನ್ನು ಅಪ್ರಾಮಾಣಿಕವಾಗಿ, ಮೋಸದ ಉದ್ದೇಶದಿಂದ ಮಾಡಿದರೆ 66ನೆಯ ಕಲಮಿನಂತೆ ಮೂರು ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಶಾಲೆಯ ಕಂಪ್ಯೂಟರುಗಳ ಪಟ್ಟಿ ಮಾಡುವ ಶಿಕ್ಷಕರೂ ಮುಖ್ಯೋಪಾಧ್ಯಾಯರಿಂದ ಒಂದು ಸಾಲು ಬರೆಸಿಕೊಂಡರೆ ಒಳ್ಳೆಯದು.

ಕೊನೆಗೆ ನೆನಪಿಡಬೇಕಾದದ್ದು ಇಷ್ಟು. ಕಪ್ಪು ಪರದೆಯಲ್ಲಿ ಮಂತ್ರವೂ ಇಲ್ಲ, ಮಾಟವೂ ಇಲ್ಲ. ಅದು ಕೇಳಿದವರಿಗೆಲ್ಲ ಉತ್ತರ ಕೊಡುತ್ತದೆ, ಕೇಳುತ್ತಿರುವವರು ಯಾರು ಎಂದು ನೋಡುವುದಿಲ್ಲ. ಆದ್ದರಿಂದ ಯಾವುದೇ ವರದಿ ತಯಾರಾಗುವಾಗ ಎರಡು ಪ್ರಶ್ನೆ ಕೇಳಿ: ಈ ಆದೇಶ ಕೊಟ್ಟವರು ಯಾರು? ಬರೆದ ಕಡತ ಹೋಗುತ್ತಿರುವುದು ಎಲ್ಲಿಗೆ? ಎರಡಕ್ಕೂ ಉತ್ತರ 'ನಾನೇ, ನನ್ನ ಪೆನ್‌ಡ್ರೈವಿಗೆ' ಎಂದಿದ್ದರೆ ನಿಶ್ಚಿಂತೆಯಿಂದ ಎಂಟರ್ ಒತ್ತಿ.